ಮೂಳೆಯ ಮೇಲಿನ ಪ್ರಶ್ನೆ

ಉತ್ತರ ಚೀನಾದ ಅನ್ಯಾಂಗ್ ಸೀಮೆಯಲ್ಲಿ ರೈತರು ನೆಲ ಅಗೆಯುವಾಗ ಹಳೆಯ ಮೂಳೆಗಳು ಸಿಕ್ಕುತ್ತಿದ್ದುವು. 'ಡ್ರ್ಯಾಗನ್ನಿನ ಎಲುಬು' ಎಂದು ಅವು ಔಷಧದ ಅಂಗಡಿಗಳಿಗೆ ಮಾರಾಟವಾಗಿ, ಪುಡಿಯಾಗಿ, ರೋಗಿಗಳ ಹೊಟ್ಟೆ ಸೇರುತ್ತಿದ್ದುವು. 1899ರಲ್ಲಿ ವಾಂಗ್ ಯಿರೋಂಗ್ ಎಂಬ ವಿದ್ವಾಂಸನು ಅಂಥ ಮೂಳೆಗಳ ಮೇಲಿನ ಗೀರುಗಳನ್ನು ಪ್ರಾಚೀನ ಅಕ್ಷರಗಳೆಂದು ಗುರುತಿಸಿದನು. ಅಲ್ಲಿಯವರೆಗೆ ಎಷ್ಟು ಬರಹ ಕಷಾಯವಾಗಿ ಹೋಯಿತೋ! ಶಾಸನಗಳ ಪಾಠ ಹೇಳುತ್ತಲೇ ಮೂವತ್ತು ವರ್ಷ ಕಳೆದ ನನಗೆ ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಇದುವರೆಗೆ ದೊರೆತಿರುವ ತುಂಡುಗಳು ಸುಮಾರು 1,50,000. ಅವುಗಳಲ್ಲಿ ತುಂಬಿರುವುದು ಪ್ರಶ್ನೆಗಳು. ಕ್ರಿ.ಪೂ. 13ನೆಯ ಶತಮಾನದಿಂದ ಷಾಂಗ್ ವಂಶದ ಅರಸರು ಆಮೆಯ ಚಿಪ್ಪಿಗೂ ಎತ್ತಿನ ಹೆಗಲೆಲುಬಿಗೂ ಕಾವು ಕೊಟ್ಟು, ಬಿರುಕಿನ ಬಗೆಯಲ್ಲಿ ಗತಿಸಿದ ಹಿರಿಯರ ಉತ್ತರವನ್ನು ಓದುತ್ತಿದ್ದರು. ಮಳೆ ಬಂದೀತೆ? ದಂಡೆತ್ತಿ ಹೋಗಬಹುದೆ? ವೂ ಡಿಂಗ್ ಎಂಬ ಅರಸನು ತನ್ನ ರಾಣಿ ಫೂ ಹಾವೊಳ ಹೆರಿಗೆಯನ್ನು ಕುರಿತು ಕೇಳಿದನು. ಮೂವತ್ತೊಂದನೆಯ ದಿನ ಹೆರಿಗೆಯಾಯಿತೆಂದೂ ಶುಭವಾಗಲಿಲ್ಲವೆಂದೂ, ಏಕೆಂದರೆ ಹುಟ್ಟಿದ್ದು ಹೆಣ್ಣೆಂದೂ ಅದೇ ಚಿಪ್ಪಿನ ಮೇಲೆ ದಾಖಲಾಗಿದೆ. ಆ ರಾಣಿಯಾದರೋ ಸೈನ್ಯವನ್ನೇ ನಡೆಸಿದವಳು!

ಕ್ರಿ.ಪೂ. 11ನೆಯ ಶತಮಾನದಲ್ಲಿ ಚೌ ಜನರು ಷಾಂಗರನ್ನು ಸೋಲಿಸಿದರು. ಅಷ್ಟು ಬಲಿ, ಅಷ್ಟು ಪೂಜೆ ಪಡೆದ ಹಿರಿಯರು ತಮ್ಮ ಸಂತತಿಯನ್ನು ಕಾಯಲಿಲ್ಲವೇಕೆ? ಇದಕ್ಕೆ ಚೌಗಳು ಕೊಟ್ಟ ಸಮಾಧಾನವೇ ಚೀನಾದ ಚಿಂತನೆಗೆ ತಳಹದಿಯಾಯಿತು. ಆಳುವ ಅಧಿಕಾರವನ್ನು ಒಪ್ಪಿಸುವುದು 'ತಿಯೆನ್', ಅಂದರೆ ಮೇಲಣ ದಿವ್ಯಶಕ್ತಿ. ಅರಸನು ನಡತೆಗೆಟ್ಟರೆ ಅದು ಆ ಅಧಿಕಾರವನ್ನು ಕಿತ್ತುಕೊಳ್ಳುತ್ತದೆ. ಗೆದ್ದವರ ಅನುಕೂಲಕ್ಕೆ ಒದಗಿದ ವಾದ, ನಿಜ. ಆದರೆ ಗೆದ್ದವರನ್ನೂ ಅದು ಕಟ್ಟಿಹಾಕಿತೆಂಬುದನ್ನು ಕೇಳುಗರು ಗಮನಿಸಬೇಕು.

ಕನ್‌ಫ್ಯೂಷಿಯಸ್ (ಕ್ರಿ.ಪೂ. 551–479) ಅರಸನ ಮೇಲಿದ್ದ ಈ ಹೊಣೆಯನ್ನು ಎಲ್ಲರ ಹೆಗಲಿಗೂ ಏರಿಸಿದನು. 'ಲಿ' ಎಂದರೆ ಮೂಲತಃ ಪೂಜಾವಿಧಿ. ಅವನ ಬೋಧೆಯಲ್ಲಿ ಅದು ಮಗ ತಂದೆಯೊಡನೆ, ಗೆಳೆಯ ಗೆಳೆಯನೊಡನೆ ನಡೆದುಕೊಳ್ಳುವ ರೀತಿಯೂ ಆಯಿತು. ಅದಕ್ಕೆ ಉಸಿರು 'ರೆನ್', ಎಂದರೆ ಮಾನವೀಯತೆ. ತಾವೋ ಪಂಥದವರು ಇದನ್ನು ಒಪ್ಪಲಿಲ್ಲ. ಇಷ್ಟು ವಿಧಿನಿಯಮ ಬೇಕಾಗುವುದೇ ಸಹಜತೆ ಕಳೆದುಹೋದುದರ ಗುರುತೆಂದರು. ಚೀನೀ ಮನಸ್ಸು ಇಬ್ಬರನ್ನೂ ಉಳಿಸಿಕೊಂಡಿತು.

ಕ್ರಿ.ಪೂ. 213ರಲ್ಲಿ ಚಿನ್ ಚಕ್ರವರ್ತಿ ಹಳೆಯ ಗ್ರಂಥಗಳನ್ನು ಸುಡಿಸಿದನು. 1966ರಲ್ಲಿ ಮಾವೋನ ಕೆಂಪು ಕಾವಲುಪಡೆಯ ತರುಣರು ಚೂಫು ಊರಿನಲ್ಲಿ ಕನ್‌ಫ್ಯೂಷಿಯಸನ ವಿಗ್ರಹವನ್ನೂ ಸಮಾಧಿಯ ಕಲ್ಲನ್ನೂ ಒಡೆದರು. ಆದರೂ ಚಿಂಗ್‌ಮಿಂಗ್ ಹಬ್ಬದಂದು ಹಿರಿಯರ ಸಮಾಧಿ ಗುಡಿಸುವ ಪದ್ಧತಿ ಉಳಿಯಿತು. 2008ರಿಂದ ಅಂದು ಸರಕಾರಿ ರಜೆಯೂ ಉಂಟು.

ಮನಸ್ಸು ಬೇರೆಲ್ಲೋ ಇದ್ದು ಸಲ್ಲಿಸಿದ ಪೂಜೆಯನ್ನು ಕನ್‌ಫ್ಯೂಷಿಯಸ್ ಪೂಜೆಯೆಂದೇ ಎಣಿಸಲಿಲ್ಲ. ಹೋದ ವರ್ಷ ತಂದೆಯವರ ಶ್ರಾದ್ಧದಲ್ಲಿ ಪಿಂಡ ಇಡುವಾಗ ನನ್ನ ಕಣ್ಣು ಗೋಡೆಯ ಗಡಿಯಾರದ ಕಡೆಗೆ ಹೋಯಿತು. ಆ ಗುರುವನ್ನು ಎಷ್ಟೋ ಸಲ ಓದಿದ್ದ ನನಗೆ ಅಂದು ನಾಚಿಕೆಯಾಯಿತು.

(ಆಕಾಶವಾಣಿಯ ಕೃಪೆಯಿಂದ)