ಸಾಯುವ ಮುನ್ನ ನರಕೋಶದ ಹೋರಾಟ

ಕೈಕಾಲು ಸೊರಗುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆಯ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ತನ್ನದೇ ಪ್ರಶ್ನೆಗಳನ್ನು ಎತ್ತಿತು. ಫ್ರೆಂಚ್ ನರವೈದ್ಯ ಶಾರ್ಕೋ 1869ರಲ್ಲಿ ಈ ಕಾಯಿಲೆಯನ್ನು ಬಣ್ಣಿಸಿದ್ದು ಸತ್ತವರ ಬೆನ್ನುಹುರಿ ನೋಡಿ. ಅಲ್ಲಿ ಕಾಣುವುದು ಹೋರಾಟ ಮುಗಿದ ಮೇಲಿನ ಕಣ. ಸ್ನಾಯು ಆಡಿಸುವ ನರಕೋಶ ಸಾಯುವ ಮುನ್ನ ಏನು ಮಾಡುತ್ತದೆ ಎಂದು ಕೇಳಲು ಬದುಕಿರುವ ರೋಗಿಯೇ ಬೇಕು. ನಿಮ್ಹಾನ್ಸ್‌ನ ಗೌರಿ ದೇವಿ ಮತ್ತು ಸಂಗಡಿಗರು 1984ರಲ್ಲಿ ವರದಿ ಮಾಡಿದ, ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಯುವಕರ ಕಾಯಿಲೆ ಈ ಕಾರಣಕ್ಕೆ ದೊಡ್ಡದು: ಕೆಲವು ವರ್ಷ ಹೆಚ್ಚಿ, ಆಮೇಲೆ ಅದು ನಿಂತುಬಿಡುತ್ತದೆ. ಕುತ್ತಿಗೆ ಬಗ್ಗಿಸಿದಾಗ ಬೆನ್ನುಹುರಿ ಒತ್ತಿಹೋಗುವುದೇ ಇದಕ್ಕೆ ಕಾರಣ, ಕೋಶದ ರೋಗವೇ ಇದಲ್ಲ ಎಂಬ ಆಕ್ಷೇಪವಿದೆ. ಕೈಯ ಮಟ್ಟಿಗೆ ಅದಕ್ಕೆ ಬಲವೂ ಇದೆ. ಕಾಲು ಸೊರಗಿದವರ ವಿಷಯದಲ್ಲಿ ಮಾತ್ರ ಅದು ಸಾಲದು. ಹೇಗಿದ್ದರೂ, ಪೆಟ್ಟು ತಿಂದ ಕೋಶಗಳ ನೆರೆಯಲ್ಲಿ ಉಳಿದವು ಸುಮ್ಮನಿರುವುದಿಲ್ಲ. ಅನಾಥವಾದ ಸ್ನಾಯುತಂತುಗಳಿಗೆ ಹೊಸ ಕವಲು ಚಾಚುತ್ತವೆ. ಬಹಳಷ್ಟು ಕೋಶಗಳು ಹೋಗುವವರೆಗೂ ದೌರ್ಬಲ್ಯ ಮನೆಯವರ ಕಣ್ಣಿಗೆ ಬೀಳದಿರುವುದು ಇದರಿಂದಲೇ.

ಕಾಯಿಲೆ ನಿಲ್ಲದೆ ಮುಂದುವರಿಯುವವರಲ್ಲಿ ಈ ದುರಸ್ತಿ ಯಾಕೆ ಸೋಲುತ್ತದೆ? ನಿಮ್ಹಾನ್ಸ್‌ನಲ್ಲೇ ಟಿ.ಆರ್. ರಾಜು ಮತ್ತು ಗೌರಿ ದೇವಿ ಅವರ ತಂಡ 1990ರ ದಶಕದಲ್ಲಿ ರೋಗಿಗಳ ಬೆನ್ನುಹುರಿ ದ್ರವವನ್ನು ಇಲಿಯ ಬೆನ್ನುಹುರಿಯ ಕೋಶಗಳಿಗೂ ನವಜಾತ ಇಲಿಮರಿಗಳಿಗೂ ಕೊಟ್ಟು ನೋಡಿತು. ಆರೋಗ್ಯವಂತ ಕೋಶಗಳಲ್ಲೇ ಹಾನಿಯ ಗುರುತು ಕಂಡಿತು. ನರತಂತುವಿನಲ್ಲಿ ಇರಬೇಕಾದ ರೂಪದ ನ್ಯೂರೋಫಿಲಮೆಂಟ್ ಪ್ರೋಟೀನು ಕೋಶದ ಒಡಲಲ್ಲೇ ಗಂಟುಕಟ್ಟಿತು. ಕೆಡುಕು ಕೋಶದ ಒಳಗಷ್ಟೇ ಅಲ್ಲ, ಅದು ಮುಳುಗಿರುವ ದ್ರವದಲ್ಲೂ ಇದೆ ಎಂದು ನಾನು ವಾದಿಸುವುದು ಈ ಆಧಾರದ ಮೇಲೆ. ದ್ರವದ ವಿಷ ಕಾಯಿಲೆಯ ಕಾರಣವಲ್ಲ, ಸತ್ತ ಕೋಶಗಳ ಕಸ ಎನ್ನುವವರಿದ್ದಾರೆ. ಇರಬಹುದು. ಆದರೆ ಕಸವೇ ಪಕ್ಕದ ಕೋಶವನ್ನು ಕೆಡಿಸುವುದಾದರೆ ಪರಿಣಾಮವೇ ಮುಂದಿನ ಕಾರಣವಾಗುತ್ತದೆ, ವಾದ ಮುರಿಯುವುದಿಲ್ಲ. ಇಲಿಮರಿ ಮನುಷ್ಯನಲ್ಲ ಎಂಬ ಎರಡನೆಯ ಆಕ್ಷೇಪವೇ ಹೆಚ್ಚು ತೂಕದ್ದು. ಕೆಲವು ದಿನಗಳ ಪ್ರಯೋಗ ವರ್ಷಗಟ್ಟಲೆ ಎಳೆಯುವ ಕಾಯಿಲೆಗೆ ಪೂರ್ತಿ ಸಾಟಿಯಲ್ಲ. ಆದರೂ ಅಂದು ಕೋಶದಲ್ಲಿ ಗಂಟುಕಟ್ಟಿದ ಆ ಪ್ರೋಟೀನಿನ ಬಳಗವನ್ನು ಇಂದು ರಕ್ತದಲ್ಲೇ ಅಳೆಯಬಹುದು. ಎಸ್‌ಒಡಿ1 ಜೀನಿನ ದೋಷದಿಂದ ಈ ಕಾಯಿಲೆ ಬಂದವರಿಗಾಗಿ ತಯಾರಾದ ಟೋಫರ್ಸನ್ ಔಷಧಕ್ಕೆ 2023ರಲ್ಲಿ ಅಮೆರಿಕ ತ್ವರಿತ ಅನುಮತಿ ಕೊಟ್ಟದ್ದು ರೋಗಿಗಳ ರಕ್ತದಲ್ಲಿ ಆ ಅಳತೆ ಇಳಿದದ್ದನ್ನು ನೋಡಿಯೇ.