ಬೆಕ್ಕಿನ ಬಟ್ಟಲು ಮತ್ತು ಮೂತ್ರಕೋಶದ ಕಲ್ಲು

ಹತ್ತಿಯ ವಹಿವಾಟಿಗೆಂದು 1875ರಲ್ಲಿ ಕಟ್ಟಿದ ಮುಂಬೈಯ ಸಸೂನ್ ಡಾಕ್ ಮುಂದೆ ಮೀನಿನ ಬಂದರಾಯಿತು. ಮೀನು ಇಳಿಯುವಲ್ಲಿ ಬೆಕ್ಕು ಸೇರುತ್ತದೆ. ಹಸಿ ಮೀನಿನ ತುಂಡಿನಲ್ಲಿ ಮುಕ್ಕಾಲು ಪಾಲು ನೀರೇ. ಮರುಭೂಮಿಯ ಕಾಡುಬೆಕ್ಕಿನ ವಂಶದ ಈ ಪ್ರಾಣಿಗೆ ಬಾಯಾರಿಕೆ ಕಡಿಮೆ. ಬೇಕಾದ ನೀರನ್ನು ಬೇಟೆಯಿಂದಲೇ ಪಡೆಯುವ ದೇಹ ಅದರದು.

ಈಗ ಅಂಧೇರಿ, ಬೋರಿವಲಿಯ ಎಷ್ಟೋ ಫ್ಲ್ಯಾಟುಗಳಲ್ಲಿ ಬೆಕ್ಕಿನ ಬಟ್ಟಲಿಗೆ ಬೀಳುವುದು ಒಣ ಆಹಾರ. ಅದರಲ್ಲಿ ನೀರು ನೂರಕ್ಕೆ ಸುಮಾರು 10 ಪಾಲು ಮಾತ್ರ.

ಈ ಪ್ಯಾಕೆಟ್ಟಿನ ಹಿಂದೆ ಅಮೆರಿಕದ ಒಂದು ಅನುಭವವಿದೆ. 1980ರ ಸುಮಾರಿಗೆ ಅಲ್ಲಿನ ಬೆಕ್ಕುಗಳ ಮೂತ್ರಕೋಶದ ಕಲ್ಲುಗಳಲ್ಲಿ ಹೆಚ್ಚಿನವು ಸ್ಟ್ರುವೈಟ್, ಅಂದರೆ ಮೆಗ್ನೀಷಿಯಂ, ಅಮೋನಿಯಂ, ಫಾಸ್ಫೇಟ್ ಕೂಡಿದ ಕಲ್ಲು. ತಯಾರಕರು ಮೆಗ್ನೀಷಿಯಂ ಇಳಿಸಿದರು, ಮೂತ್ರ ಆಮ್ಲೀಯವಾಗುವಂತೆ ಆಹಾರ ಬದಲಿಸಿದರು. ಸ್ಟ್ರುವೈಟ್ ಇಳಿಯಿತು, ಕ್ಯಾಲ್ಸಿಯಂ ಆಕ್ಸಲೇಟ್ ಏರಿತು. ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ ಪರೀಕ್ಷೆಗೆ ಬಂದ ಕಲ್ಲುಗಳಲ್ಲಿ 1990ರ ದಶಕದ ಮಧ್ಯಭಾಗಕ್ಕೆ ಅದೇ ಮುಂದಿತ್ತು. ಸ್ಟ್ರುವೈಟನ್ನು ಆಹಾರದಿಂದ ಕರಗಿಸಬಹುದು, ಆಕ್ಸಲೇಟ್ ಕರಗದು.

ಎರಡಕ್ಕೂ ಹೊಂದುವ ಉಪಾಯ ಮೂತ್ರವನ್ನು ತೆಳುವಾಗಿಸುವುದು. ಅದಕ್ಕೇ ಪಶುವೈದ್ಯರು ತೇವದ ಆಹಾರ, ಹೆಚ್ಚು ನೀರು ಎನ್ನುತ್ತಾರೆ. ಹಾಗೆಂದು ಬರೀ ಮೀನು ಪೂರ್ಣ ಆಹಾರವಲ್ಲ.

ಗಂಡು ಬೆಕ್ಕು ತಿಣುಕುತ್ತಿದ್ದರೂ ಮೂತ್ರ ಬಾರದಿದ್ದರೆ ಆಹಾರ ಬದಲಿಸಿ ಕಾಯುವಂತಿಲ್ಲ. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. 1886ರಲ್ಲಿ ಬಾಂಬೆ ಪಶುವೈದ್ಯ ಕಾಲೇಜು ಆರಂಭವಾದ ಪರೇಲ್‌ನಲ್ಲಿ, ಅದರ ಒಡನಾಡಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇಂದಿಗೂ ಇದೆ. ಅಂಥ ಬೆಕ್ಕನ್ನು ಆ ಹೊತ್ತಿಗೇ ಆಸ್ಪತ್ರೆಗೆ ಒಯ್ಯಬೇಕು.