ತೂಟೆಯಿಂದ ಟಾರ್ಚಿಗೆ: ರಾತ್ರಿ ಪಹರೆಯ ಬೆಳಕಿನ ಕಥೆ

ಪೊಲೀಸರೆಂದರೆ ಜನರ ಕಣ್ಣ ಮುಂದೆ ಬರುವುದು ಖಾಕಿ, ಲಾಠಿ ಮತ್ತು ಸೀಟಿ. ಇವುಗಳಲ್ಲಿ ಖಾಕಿಯ ಬಗ್ಗೆ ಮಂಗಳೂರಿನವರಿಗೆ ವಿಶೇಷ ಅಭಿಮಾನ. 19ನೇ ಶತಮಾನದಲ್ಲಿ ಇಲ್ಲಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಆ ಬಣ್ಣ ಸಿದ್ಧವಾಯಿತೆಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ರಾತ್ರಿ ಪಾಳಿಯ ಪೇದೆಗೆ ಸಮವಸ್ತ್ರದಷ್ಟೇ ಅಗತ್ಯವಾದ ಇನ್ನೊಂದು ವಸ್ತುವಿದೆ. ಅದು ಕೈದೀಪ. ಅದು ಸರಿಯಾಗಿ ಉರಿಯುತ್ತಿರುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಕೈಕೊಟ್ಟ ದಿನ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಬೆಲೆ ಸಣ್ಣದೇನಲ್ಲ. ಮಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮುರಕಲ್ಲಿನ ಎರಡು ಗೋಡೆಗಳ ನಡುವೆ ಹಾದುಹೋಗುವ ಓಣಿಗಳಿವೆ. ಹಳೆಯ ಹಿತ್ತಿಲುಗಳಲ್ಲಿ ಬಾವಿಗಳಿವೆ, ಬಂದರಿನ ಕಡೆ ನದಿಯ ದಂಡೆಯಿದೆ. ಓಣಿಯ ತುದಿಯಲ್ಲಿ ಮಬ್ಬಾಗಿ ಕಾಣುವ ಆಕೃತಿ ಕಳ್ಳನದೋ, ಬೆಳಗಿನ ಜಾವ ದಕ್ಕೆಗೆ ಹೊರಟ ಮೀನುಗಾರನದೋ? ಅವನ ಕೈಯಲ್ಲಿರುವುದು ಕತ್ತಿಯೋ, ಕೊಡೆಯೋ? ಇದನ್ನು ತೀರ್ಮಾನಿಸಲು ಪೇದೆಗೆ ಸಿಗುವುದು ಒಂದೆರಡು ಕ್ಷಣ. ಆ ಕ್ಷಣದಲ್ಲಿ ದೀಪ ಹತ್ತದಿದ್ದರೆ ಒಂದೋ ಪೇದೆಯ ಜೀವಕ್ಕೆ ಅಪಾಯ, ಇಲ್ಲವೇ ನಿರಪರಾಧಿಯ ಮೈಗೆ ಪೆಟ್ಟು. ಆದ್ದರಿಂದ ಪೊಲೀಸರಿಗೆ ಎಂಥ ಟಾರ್ಚು ಬೇಕು ಎಂಬುದು ಕೇವಲ ಅಂಗಡಿಯ ಪ್ರಶ್ನೆಯಲ್ಲ. ಅದಕ್ಕೊಂದು ಇತಿಹಾಸವೂ ಇದೆ.

ಕರಾವಳಿಯ ಅತ್ಯಂತ ಹಳೆಯ ಕೈದೀಪವೆಂದರೆ ತೆಂಗಿನ ಒಣಗರಿಗಳನ್ನು ಬಿಗಿಯಾಗಿ ಕಟ್ಟಿ ಹೊತ್ತಿಸುವ ಸೂಟೆ. ತುಳುವಿನಲ್ಲಿ ಅದು ತೂಟೆ. ಕಟೀಲಿನ ಜಾತ್ರೆಯಲ್ಲಿ ಭಕ್ತರು ಒಬ್ಬರ ಮೇಲೊಬ್ಬರು ಉರಿಯುವ ತೂಟೆ ಎಸೆಯುವ ಆಚರಣೆ ಇಂದಿಗೂ ಪ್ರಸಿದ್ಧ. ಯಕ್ಷಗಾನದ ಆಟ ಮುಗಿಸಿ ಗದ್ದೆಯ ಅಂಚಿನಲ್ಲಿ ಮನೆಗೆ ಹಿಂದಿರುಗುವವರ ದಾರಿದೀಪವೂ ಅದೇ ಆಗಿತ್ತು. ಬೀಸುತ್ತ ನಡೆದರೆ ಉರಿ ಏಳುತ್ತದೆ, ನಿಂತರೆ ಕೆಂಡವಾಗಿ ಮಂಕಾಗುತ್ತದೆ. ಹಾವಿನಿಂದ ಕಾಲನ್ನು ಕಾಪಾಡಿಕೊಳ್ಳಲು ಇದು ಸಾಕು. ಆದರೆ ಪಹರೆಯ ಕೆಲಸಕ್ಕೆ ಇದರಲ್ಲಿ ಮೂರು ದೋಷಗಳಿದ್ದವು. ಮುಂದಿರುವುದಕ್ಕಿಂತ ಹಿಡಿದವನ ಮುಖವನ್ನೇ ಅದು ಹೆಚ್ಚು ಬೆಳಗುತ್ತಿತ್ತು. ಕಾವಲುಗಾರ ಬರುತ್ತಿದ್ದಾನೆಂದು ಅರ್ಧ ಮೈಲಿ ದೂರಕ್ಕೇ ಸಾರುತ್ತಿತ್ತು. ಮಳೆಗೆ ನಿಲ್ಲುತ್ತಿರಲಿಲ್ಲ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಆ ಕಾಲದಲ್ಲಿ ಹಳ್ಳಿಯ ಕಾವಲು ಪಟೇಲ ಮತ್ತು ಅವನ ಕೈಕೆಳಗಿನ ಉಗ್ರಾಣಿಯಂಥ ಗ್ರಾಮಸೇವಕರ ಹೊಣೆ. ಊರಿನ ಎಲ್ಲರನ್ನೂ ಅವರು ಹೆಸರು ಹಿಡಿದು ಬಲ್ಲರು. ದನಿ ಕೇಳಿದರೆ ಸಾಕು, ಯಾರೆಂದು ಗುರುತಾಗುತ್ತಿತ್ತು. 1859ರ ಮದ್ರಾಸ್ ಪೊಲೀಸ್ ಕಾಯ್ದೆ ಈ ವ್ಯವಸ್ಥೆಯನ್ನು ಬದಲಿಸಿತು. ಸಮವಸ್ತ್ರ ತೊಟ್ಟು, ಸಂಬಳ ಪಡೆದು, ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ವರ್ಗವಾಗುವ ಪೊಲೀಸ್ ದಳ ಬಂತು. ವರ್ಗವಾಗಿ ಬಂದ ಪೇದೆಗೆ ಊರು ಹೊಸದು, ಮುಖಗಳು ಹೊಸವು. ಪರಿಚಯವಿಲ್ಲದವನಿಗೆ ದನಿ ನೆರವಾಗದು, ಬೆಳಕೇ ಬೇಕು. ಪೊಲೀಸ್ ಕೆಲಸಕ್ಕೂ ದೀಪಕ್ಕೂ ಇರುವ ನಂಟು ಗಟ್ಟಿಯಾದದ್ದು ಇಲ್ಲಿ.

ಈ ಬಗೆಯ ಪೊಲೀಸ್ ದಳದ ಮಾದರಿ ಬಂದದ್ದು ಬ್ರಿಟನ್ನಿನಿಂದ. 1829ರಲ್ಲಿ ಸ್ಥಾಪನೆಯಾದ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರ ಸೊಂಟದಲ್ಲಿ ‘ಬುಲ್ಸ್ ಐ’ ಎಂಬ ಎಣ್ಣೆಯ ಲಾಟೀನು ತೂಗುತ್ತಿತ್ತು. ತಗಡಿನ ಡಬ್ಬಿಯ ಮುಂಭಾಗದಲ್ಲಿ ದಪ್ಪ ಉಬ್ಬುಗಾಜು, ಒಳಗೆ ಬತ್ತಿ, ನಡುವೆ ತಿರುಗಿಸಬಹುದಾದ ಒಂದು ಮುಚ್ಚಳ. ಮುಚ್ಚಳ ತಿರುಗಿಸಿದರೆ ದೀಪ ಆರದೆಯೇ ಬೆಳಕು ಮರೆಯಾಗುತ್ತದೆ, ಮತ್ತೆ ತಿರುಗಿಸಿದರೆ ಎದುರಿನವನ ಮೇಲೆ ಥಟ್ಟನೆ ಬೀಳುತ್ತದೆ. ಹಿಡಿದವನು ಕತ್ತಲಲ್ಲಿ, ಎದುರಿನವನು ಬೆಳಕಿನಲ್ಲಿ. ತೂಟೆಯ ಮೊದಲ ಎರಡು ದೋಷಗಳಿಗೆ ಇದು ಉತ್ತರ. ಆದರೆ ಡಬ್ಬಿ ಕಾದು ಕೈ ಸುಡುತ್ತಿತ್ತು, ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಬೆಳಕೂ ಕೆಲವೇ ಗಜ ದೂರಕ್ಕೆ ಮಾತ್ರ.

ಮಂಗಳೂರಿನಂಥ ಊರಿನಲ್ಲಿ ಜನಸಾಮಾನ್ಯರ ಕೈಗೆ ಬಂದದ್ದು ಸೀಮೆಎಣ್ಣೆಯ ಲಾಟೀನು. ಜಾತ್ರೆ, ಮದುವೆ, ಯಕ್ಷಗಾನಗಳಿಗೆ ಗ್ಯಾಸ್‌ಲೈಟು ಬಂತು. ಎರಡೂ ಸುತ್ತಲೂ ಬೆಳಕು ಚೆಲ್ಲುವ ದೀಪಗಳು. ಕುಳಿತು ಕೆಲಸ ಮಾಡುವವರಿಗೆ ಒಳ್ಳೆಯವು, ಹುಡುಕಿಕೊಂಡು ನಡೆಯುವವರಿಗೆ ಅಲ್ಲ.

ನಿಜವಾದ ತಿರುವು ಬಂದದ್ದು ಅಮೆರಿಕದಿಂದ. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಸಂಶೋಧಕ ಡೇವಿಡ್ ಮೈಸೆಲ್ 1899ರ ಜನವರಿ 10ರಂದು ಕೈಯಲ್ಲಿ ಹಿಡಿಯುವ ವಿದ್ಯುತ್ ದೀಪಕ್ಕೆ ಪೇಟೆಂಟ್ ಪಡೆದ. ಕಾಗದ ಮತ್ತು ನಾರಿನ ಕೊಳವೆ, ಅದರೊಳಗೆ ಒಣ ಸೆಲ್ಲುಗಳು, ತುದಿಯಲ್ಲಿ ಬಲ್ಬು, ಅದರ ಸುತ್ತ ಒರಟಾದ ಹಿತ್ತಾಳೆಯ ಪ್ರತಿಫಲಕ. ರಷ್ಯಾದಿಂದ ವಲಸೆ ಬಂದಿದ್ದ ಕಾನ್ರಾಡ್ ಹ್ಯೂಬರ್ಟನ ಕಂಪನಿ ಇದನ್ನು ತಯಾರಿಸಿತು. ಕೊಳ್ಳುವವರನ್ನು ಹುಡುಕಬೇಕಿದ್ದ ಕಂಪನಿ ಕೆಲವು ದೀಪಗಳನ್ನು ನ್ಯೂಯಾರ್ಕ್ ಪೊಲೀಸರಿಗೆ ಉಚಿತವಾಗಿ ಕೊಟ್ಟಿತು. ಪೊಲೀಸರು ಮೆಚ್ಚಿದರು. ಹೀಗೆ ಟಾರ್ಚಿನ ಮೊದಲ ಪರೀಕ್ಷಕರ ಸಾಲಿನಲ್ಲಿ ಪೊಲೀಸರೇ ಇದ್ದರು. ಆಗಿನ ಸೆಲ್ಲು ದುರ್ಬಲ, ಬಲ್ಬಿನ ಇಂಗಾಲದ ತಂತು ಇನ್ನೂ ದುರ್ಬಲ. ಕೆಲವು ಕ್ಷಣ ಉರಿಸಿ ಆರಿಸಿ ಸೆಲ್ಲಿಗೆ ವಿಶ್ರಾಂತಿ ಕೊಡಬೇಕಿತ್ತು. ಮಿಂಚಿ ಮರೆಯಾಗುವ ಈ ಗುಣದಿಂದಲೇ ಅಮೆರಿಕದಲ್ಲಿ ಅದಕ್ಕೆ ‘ಫ್ಲ್ಯಾಶ್‌ಲೈಟ್’ ಎಂಬ ಹೆಸರು ಬಂತು. ಮುಂದೆ ಟಂಗ್‌ಸ್ಟನ್ ತಂತು ಬಂದ ಮೇಲಷ್ಟೇ ಅದು ನೆಚ್ಚಬಹುದಾದ ದೀಪವಾಯಿತು.

ಭಾರತದಲ್ಲಿ ಎವರೆಡಿ ಕಂಪನಿ ಸ್ಥಾಪನೆಯಾದದ್ದು 1934ರಲ್ಲಿ. ಕಲ್ಕತ್ತದಲ್ಲಿ ಅದರ ಸೆಲ್ ಕಾರ್ಖಾನೆ 1939ರಲ್ಲಿ, ಲಖನೌದಲ್ಲಿ ಟಾರ್ಚಿನ ಕಾರ್ಖಾನೆ 1958ರಲ್ಲಿ ಬಂದವು. ಅಲಹಾಬಾದಿನ ಜೀಪ್ ಟಾರ್ಚೂ ಮನೆಮಾತಾಯಿತು. ಕನ್ನಡ ನಾಡಿನ ಹಳ್ಳಿಗಳಲ್ಲಿ ಟಾರ್ಚಿಗೆ ‘ಬ್ಯಾಟರಿ’ ಎಂದೇ ಹೆಸರು. ‘ಮೂರು ಸೆಲ್ಲಿನ ಬ್ಯಾಟರಿ’ ಇದ್ದವನೆಂದರೆ ಸ್ವಲ್ಪ ಗತ್ತಿನವನೆಂದೇ ಲೆಕ್ಕ. ದೀಪದ ಹೆಸರು ಬಿಟ್ಟು ಸೆಲ್ಲಿನ ಹೆಸರಿನಿಂದ ಕರೆದ ಜನ ಅರಿತೋ ಅರಿಯದೆಯೋ ಒಂದು ಸತ್ಯ ಹೇಳಿದ್ದರು: ಟಾರ್ಚಿನ ಹಣೆಬರಹ ಅದರ ಸೆಲ್ಲಿನಲ್ಲಿದೆ.

ಮಂಗಳೂರಿನಲ್ಲಿ ಈ ಮಾತು ಇನ್ನಷ್ಟು ನಿಜ. ಇಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಗಾಳಿಯಲ್ಲಿ ಸಮುದ್ರದ ಉಪ್ಪು ಬೇರೆ. ಹಳೆಯ ಬಗೆಯ ಒಣ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ವಿದ್ಯುತ್ ಉತ್ಪಾದನೆಯಲ್ಲಿ ಸವೆಯುವ ಭಾಗ. ಸವೆದು ತೂತಾದಾಗ ಒಳಗಿನ ರಾಸಾಯನಿಕ ಸೋರಿ ಸ್ಪ್ರಿಂಗನ್ನು ತಿನ್ನುತ್ತದೆ. ತೇವಕ್ಕೆ ಸ್ವಿಚ್ಚಿನ ಹಿತ್ತಾಳೆ ಪಟ್ಟಿ ಕಿಲುಬು ಹಿಡಿಯುತ್ತದೆ. ಟಾರ್ಚನ್ನು ಅಂಗೈಗೆ ಬಡಿದು ಬಡಿದು ಹತ್ತಿಸುವ ಅಭ್ಯಾಸದ ಹಿಂದಿನ ವಿಜ್ಞಾನ ಇಷ್ಟೇ: ಬಡಿತಕ್ಕೆ ಲೋಹದ ಮೇಲಿನ ಕಿಲುಬು ಕ್ಷಣಕಾಲ ಸರಿದು ವಿದ್ಯುತ್ತಿಗೆ ದಾರಿಯಾಗುತ್ತದೆ. ಆದರೆ ಮನೆಯ ಜಗಲಿಯಲ್ಲಿ ಬಡಿಯಲು ಸಮಯವಿರುತ್ತದೆ. ಓಣಿಯ ತುದಿಯಲ್ಲಿ ನಿಂತ ಪೇದೆಗೆ ಇರುವುದಿಲ್ಲ.

ಕಾಗದದ ಕೊಳವೆ ಹೋಗಿ ತಗಡು ಬಂದಿತ್ತು; ಗಟ್ಟಿಯಾದ ಟಾರ್ಚನ್ನು ಹುಡುಕುತ್ತ ಅಮೆರಿಕ ಇನ್ನೂ ಮುಂದೆ ಹೋಯಿತು. 1979ರಲ್ಲಿ ಟೋನಿ ಮಾಗ್ಲಿಕಾ ಎಂಬಾತನ ಕಂಪನಿ ಮಾರುಕಟ್ಟೆಗೆ ತಂದ ಮ್ಯಾಗ್‌ಲೈಟ್ ದಪ್ಪ ಅಲ್ಯೂಮಿನಿಯಮ್ ಕೊಳವೆಯದು. ಬಿದ್ದರೆ ಒಡೆಯದು, ರಬ್ಬರ್ ಉಂಗುರಗಳಿಂದಾಗಿ ನೀರಿಗೆ ಹೆದರದು. ಪೊಲೀಸರಿಗೆ ಅದು ಬಹಳ ಇಷ್ಟವಾಯಿತು. ಆದರೆ ದೊಡ್ಡ ಸೆಲ್ಲು ನಾಲ್ಕು ತುಂಬಿದರೆ ಅದರ ತೂಕ ಒಂದು ಕಿಲೋಗ್ರಾಮಿನ ಹತ್ತಿರ. ದೀಪವಾಗಿದ್ದುದು ದೊಣ್ಣೆಯೂ ಆಯಿತು. 1992ರ ನವೆಂಬರಿನಲ್ಲಿ ಡೆಟ್ರಾಯಿಟ್ ನಗರದಲ್ಲಿ ಮಾಲಿಸ್ ಗ್ರೀನ್ ಎಂಬ ಕರಿಯ ವ್ಯಕ್ತಿ ಪೊಲೀಸರ ಟಾರ್ಚಿನ ಏಟುಗಳಿಂದ ಸತ್ತ. ಇಬ್ಬರು ಪೊಲೀಸರಿಗೆ ಶಿಕ್ಷೆಯಾಯಿತು. 2004ರಲ್ಲಿ ಲಾಸ್ ಏಂಜಲೀಸಿನಲ್ಲಿ ಪೊಲೀಸನೊಬ್ಬ ಸಿಕ್ಕಿಬಿದ್ದ ಆರೋಪಿಗೆ ಟಾರ್ಚಿನಿಂದ ಹೊಡೆದ ದೃಶ್ಯ ಟೆಲಿವಿಷನ್ನಿನಲ್ಲಿ ಬಿತ್ತರವಾಯಿತು. ಆ ನಗರದ ಪೊಲೀಸ್ ಇಲಾಖೆ 2007ರಲ್ಲಿ ಸುಮಾರು 300 ಗ್ರಾಂ ತೂಕದ ಚಿಕ್ಕ ಟಾರ್ಚನ್ನು ತನ್ನವರಿಗಾಗಿ ಆರಿಸಿಕೊಂಡಿತು. ಗಟ್ಟಿತನವನ್ನು ತೂಕದಲ್ಲಿ ಅಳೆಯಬಾರದೆಂಬ ಪಾಠಕ್ಕೆ ತೆತ್ತ ಬೆಲೆ ದೊಡ್ಡದು.

ಚಿಕ್ಕ ಟಾರ್ಚು ದೊಡ್ಡ ಬೆಳಕು ಕೊಡುವುದು ಸಾಧ್ಯವಾದದ್ದು ಎಲ್‌ಇಡಿಯಿಂದ. ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ರೂಪಿಸಿದರು. ಅದರ ಮೇಲೆ ಹಳದಿ ಬೆಳಕು ಸೂಸುವ ಲೇಪ ಹಚ್ಚಿ 1996ರಲ್ಲಿ ಬಿಳಿ ಎಲ್‌ಇಡಿಯನ್ನು ಮಾರುಕಟ್ಟೆಗೆ ತರಲಾಯಿತು. ನೀಲಿ ಎಲ್‌ಇಡಿಗಾಗಿ ನಕಮುರಾ ಮತ್ತು ಇನ್ನಿಬ್ಬರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಇದರಲ್ಲಿ ತುಂಡಾಗುವ ತಂತುವಿಲ್ಲ, ಸೆಲ್ಲಿನ ಶಕ್ತಿ ಬಿಸಿಯಾಗಿ ಪೋಲಾಗುವುದೂ ಬಹಳ ಕಡಿಮೆ. ಆದರೆ ಒಂದು ಎಚ್ಚರಿಕೆ ಬೇಕು. ಹಳೆಯ ಬಲ್ಬು ಸೆಲ್ಲು ಮುಗಿಯುವ ಮುನ್ನ ಹಳದಿಗೆ, ಕೆಂಪಿಗೆ ತಿರುಗಿ ಮುನ್ಸೂಚನೆ ಕೊಡುತ್ತಿತ್ತು. ಈಗಿನ ಎಷ್ಟೋ ಎಲ್‌ಇಡಿ ಟಾರ್ಚುಗಳು ಕೊನೆಯವರೆಗೂ ಒಂದೇ ಸಮನೆ ಬೆಳಗಿ ಥಟ್ಟನೆ ಕುಗ್ಗುತ್ತವೆ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ದೊಡ್ಡ ಸಂಖ್ಯೆಗಳಿಂದಲೂ ಮೋಸಹೋಗಬಾರದು. ಟಾರ್ಚುಗಳನ್ನು ಒಂದೇ ಅಳತೆಗೋಲಿನಿಂದ ಹೋಲಿಸಲು ಅಮೆರಿಕದಲ್ಲಿ 2009ರಲ್ಲಿ ‘ಎಫ್‌ಎಲ್ 1’ ಎಂಬ ಮಾನದಂಡ ರೂಪುಗೊಂಡಿತು. ಅದರ ಪ್ರಕಾರ ಬೆಳಕು ‘ತಲುಪುವ ದೂರ’ವೆಂದರೆ ಅದು 0.25 ಲಕ್ಸ್‌ಗೆ ಇಳಿಯುವ ದೂರ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. 200 ಮೀಟರ್ ಎಂದು ಬರೆದಿರುವ ಟಾರ್ಚು ಆ ದೂರದಲ್ಲಿ ಯಾರೋ ಇದ್ದಾರೆಂದು ತೋರಿಸೀತು, ಯಾರೆಂದು ತೋರಿಸದು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಅದೇ ಟಾರ್ಚು 20 ಮೀಟರಿನಲ್ಲಿ 25 ಲಕ್ಸ್ ಕೊಡುತ್ತದೆ, ಆಗ ಮುಖ ಕಾಣುತ್ತದೆ. ಅದೇ ಮಾನದಂಡದಲ್ಲಿ ‘ಉರಿಯುವ ಅವಧಿ’ ಎಂದರೆ ಬೆಳಕು ಆರಂಭದ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ. ಐದು ಗಂಟೆ ಎಂದಿದ್ದರೆ ಐದೂ ಗಂಟೆ ಪೂರ್ಣ ಬೆಳಕೆಂದು ಅರ್ಥವಲ್ಲ.

ಕಾಣುವುದಕ್ಕೂ ಗುರುತಿಸುವುದಕ್ಕೂ ಇರುವ ಈ ಅಂತರ ನ್ಯಾಯಾಲಯದವರೆಗೂ ಹೋಗುತ್ತದೆ. ರಾತ್ರಿಯ ಅಪರಾಧದಲ್ಲಿ ‘ಟಾರ್ಚಿನ ಬೆಳಕಿನಲ್ಲಿ ನೋಡಿದೆ’ ಎಂಬ ಸಾಕ್ಷ್ಯ ಬಂದಾಗ ದೂರ ಎಷ್ಟಿತ್ತು, ಬೆಳಕು ಮುಖದ ಮೇಲೆ ಎಷ್ಟು ಹೊತ್ತು ಬಿತ್ತು, ಮೊದಲೇ ಪರಿಚಯವಿತ್ತೇ ಎಂಬ ಪ್ರಶ್ನೆಗಳು ಏಳುತ್ತವೆ. 1997ರಲ್ಲಿ ಬಿಹಾರದ ಕಾಲಿಕಾ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದ್ಯುದ್ದೀಪಕ್ಕೆ ಒಗ್ಗಿದ ಪಟ್ಟಣಿಗರ ದೃಷ್ಟಿಯಿಂದ ನಾಡದೀಪಕ್ಕೆ ಒಗ್ಗಿದ ಹಳ್ಳಿಗರ ದೃಷ್ಟಿಯನ್ನು ಅಳೆಯಬಾರದೆಂದು ಅಭಿಪ್ರಾಯಪಟ್ಟಿತು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕೆಂದು ವಿಜ್ಞಾನವೂ ಹೇಳುತ್ತದೆ. ಅತಿ ಪ್ರಖರವಾದ ಟಾರ್ಚು ಒಮ್ಮೆ ಮಿಂಚಿದರೆ ಹಿಡಿದವನ ಆ ಗಳಿಕೆಯೂ ಹೋಯಿತು. ಜೋರು ಮಳೆಯಲ್ಲಂತೂ ಹನಿಗಳಿಗೆ ತಾಗಿ ಹಿಂದಿರುಗುವ ಬೆಳಕು ಬಿಳಿಯ ತೆರೆಯಂತೆ ಕಣ್ಣಿಗೇ ಅಡ್ಡವಾಗುತ್ತದೆ. ಆಗ ಬೇಕಾದದ್ದು ಹೆಚ್ಚು ಬೆಳಕಲ್ಲ. ಕಿರಿದಾದ ಕಿರಣ, ಮತ್ತು ಟಾರ್ಚನ್ನು ಕಣ್ಣಿನಿಂದ ದೂರ, ಸೊಂಟದ ಮಟ್ಟದಲ್ಲಿ ಹಿಡಿಯುವ ಅಭ್ಯಾಸ.

2010ರಲ್ಲಿ ಮಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂತು. ಹಂಪನಕಟ್ಟೆಯಂಥ ಕಡೆ ಬೀದಿದೀಪಗಳೂ ಅಂಗಡಿದೀಪಗಳೂ ರಾತ್ರಿಯನ್ನು ಬೆಳಗುತ್ತವೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಕಡಿದ ರಾತ್ರಿ, ಬೋಳೂರಿನ ಹೊಳೆದಂಡೆಯಾಗಲಿ ಉಳ್ಳಾಲದ ಕಡಲತೀರವಾಗಲಿ, ಕತ್ತಲು ನೂರು ವರ್ಷದ ಹಿಂದಿನದೇ. ಆ ರಾತ್ರಿಗೆ ಹೊಂದುವ ಟಾರ್ಚು ಯಾವುದು? ಒದ್ದೆ ಕೈಯ ಹೆಬ್ಬೆರಳಿಗೆ ತಾನಾಗಿ ಸಿಗುವ ಸ್ವಿಚ್ಚು, ಒಮ್ಮೆ ಒತ್ತಿದೊಡನೆ ನೇರ ಬೆಳಕು. ಹಗುರವಾದರೂ ಬಿದ್ದರೆ ಒಡೆಯದ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದ ಮೈ. ನಡೆಯುವಾಗ ಪಾಳಿ ಮುಗಿಯುವವರೆಗೆ ಬಾಳುವ ಮಂದ ಬೆಳಕು, ಬೇಕಾದಾಗ ದೂರಕ್ಕೆ ಹೋಗುವ ಕಿರಣ. ಚಾರ್ಜ್ ಮಾಡುವ ಸೆಲ್ಲಿನದಾದರೆ, ವಿದ್ಯುತ್ ಇಲ್ಲದ ದಿನಕ್ಕೆಂದು ತುಂಬಿಟ್ಟ ಇನ್ನೊಂದು ಸೆಲ್ಲು. ಜೊತೆಗೆ ಜೇಬಿನಲ್ಲಿ ಇನ್ನೊಂದು ಸಣ್ಣ ಟಾರ್ಚು.

ಇಷ್ಟೆಲ್ಲ ಇದ್ದರೂ ಅದನ್ನು ನೋಡಿಕೊಳ್ಳುವವರು ಬೇಕು. ತಿಂಗಳಿಗೊಮ್ಮೆ ಸ್ಪ್ರಿಂಗು ಒರೆಸಿ, ರಬ್ಬರ್ ಉಂಗುರಕ್ಕೆ ಗ್ರೀಸ್ ಸವರಿ, ಬಳಸದ ದಿನಗಳಲ್ಲಿ ಸೆಲ್ಲು ಹೊರತೆಗೆದಿಟ್ಟು, ಪ್ರತಿ ಪಾಳಿಗೆ ಹೊರಡುವ ಮುನ್ನ ಒಮ್ಮೆ ಹತ್ತಿಸಿ ನೋಡುವ ಠಾಣೆಯಲ್ಲಿ ಸಾಧಾರಣ ಟಾರ್ಚೂ ವರ್ಷಗಟ್ಟಲೆ ನೆಚ್ಚಿಗೆಗೆ ಅರ್ಹವಾಗಿರುತ್ತದೆ. ಹಾಗೆ ಮಾಡದ ಕಡೆ ಎಷ್ಟು ಬೆಲೆಯದಾದರೂ ಅದು ಮಳೆಗೆ ಆರಿದ ತೂಟೆಗೆ ಸಮ.